ಮಂಜ ಸರಿಯಾದರೆ ಮಂಜೂ ಸರಿ

ಹಿಮದ ಫೋಟೋ ವಿಷಯದಲ್ಲಿ ನಮ್ಮ ಮಾಮನನ್ನು ಮೀರಿಸುವವರು ತಮಿಳುನಾಡಿನ ಇಡೀ ಕಂಬಂ ಕಣಿವೆಯಲ್ಲಿ ಇಲ್ಲ. ಅವರು ಹಿಮ ನೋಡಿಲ್ಲ, ಅದು ಬೇರೆ ಮಾತು! ಹಿಮ ಹಾಗಿರಲಿ, ಐಸ್‌ಕ್ರೀಮ್ ಕೊಟ್ಟರೂ ಹಲ್ಲು ಜುಮ್ಮೆನ್ನುತ್ತದೆ ಎಂದು ಕರಗುವ ತನಕ ಕಾದು ಕುಡಿಯುವ ಮನುಷ್ಯ. ಜೀವಮಾನದಲ್ಲಿ ಅವರು ಕಂಡ ದೊಡ್ಡ ಚಳಿ ಎಂದರೆ ಮಾರ್ಗಳಿ ತಿಂಗಳಲ್ಲಿ ಉತ್ತಮಪಾಳಯದ ಗದ್ದೆಗಳ ಮೇಲೆ ಬೀಳುವ ಇಬ್ಬನಿ. ಅದಕ್ಕೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಆದರೂ ನಮ್ಮ ಕಡೆಯವರು ಕಾಶ್ಮೀರಕ್ಕೋ ಮನಾಲಿಗೋ ಹೊರಟರೆ ಮೊದಲು ಟಿಕೆಟ್ ಮಾಡಿಸುತ್ತಾರೆ, ಆಮೇಲೆ ಮಾಮನ ಸ್ಟುಡಿಯೋಗೆ ಬಂದು ಕೈಕಟ್ಟಿ ನಿಲ್ಲುತ್ತಾರೆ. ಯಾಕೆ ಅಂತೀರಾ? ಹೇಳುತ್ತೇನೆ.

ಮಾಮ ಎಂದರೆ ನನ್ನ ತಾಯಿಯ ತಮ್ಮ. ಕಂಬಂ ರಸ್ತೆಯಲ್ಲಿ, ಟೌನ್ ಬಸ್ಸು ನಿಲ್ಲುವ ಜಾಗದ ಎದುರಿಗೇ ಅವರ ಫೋಟೋ ಸ್ಟುಡಿಯೋ. ಕೆಳಗೆ ಸ್ಟುಡಿಯೋ, ಮೇಲೆ ಮನೆ, ಅದರ ಮೇಲೆ ವೇಷ್ಟಿ, ಅಂದರೆ ಪಂಚೆ, ಒಣಗಿಸುವ ತಾರಸಿ. ನಮ್ಮವರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ಇಲ್ಲಿ ನೆಲ ಉತ್ತವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಮನೆಯ ಕನ್ನಡವೂ ಅರ್ಧ ತಮಿಳನ್ನು ನುಂಗಿಕೊಂಡು ಕೂತಿದೆ. ನಾನು ಕನ್ನಡದ ಅಕ್ಷರ ಕಲಿತದ್ದೇ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮೈಸೂರಿಗೆ ಮದುವೆಯಾಗಿ ಹೋದ ಮೇಲೆ. ಇದನ್ನು ಕೊಂಚ ನೆನಪಿಟ್ಟುಕೊಳ್ಳಿ. ಮುಂದೆ ಆದ ಎಡವಟ್ಟುಗಳಿಗೆಲ್ಲ ಅದೇ ಕಾರಣ.

ಮಾಮನಿಗೆ ಲೋಕದಲ್ಲಿ ಒಬ್ಬನೇ ಶತ್ರು, ಬಿಳಿ ಬಣ್ಣ. ಮದುವೆಯ ಫೋಟೋ ತೆಗೆದು ಬದುಕುವವನಿಗೆ ಇದೇನು ಗ್ರಹಚಾರ ನೋಡಿ! ನಮ್ಮೂರ ಮದುವೆಯಲ್ಲಿ ಬಿಳಿ ಬಿಟ್ಟು ಬೇರೇನಿದೆ? ಗಂಡಿನದು ಬಿಳಿ ವೇಷ್ಟಿ, ಗಂಡಿನ ಅಪ್ಪನದು ಬಿಳಿ ವೇಷ್ಟಿ, ಊಟಕ್ಕೆಂದೇ ಬಂದವನದು ಇನ್ನೂ ಬಿಳಿ ವೇಷ್ಟಿ. ಇದರ ಬಗ್ಗೆ ಮಾಮನದು ಒಂದು ಸಿದ್ಧಾಂತವಿದೆ. ನನಗೆ ನಲವತ್ತಾದರೂ ಅವರಿಗೆ ನಾನು ಇನ್ನೂ ‘ಪಾಪಾ’.

“ಕ್ಯಾಮೆರಾಕ್ಕೆ ಲೋಕ ಎಲ್ಲಾ ಎಮ್ಮೆ ಬಣ್ಣ ಅಂತ ನೆನಪ್ಪು ಪಾಪಾ. ಕರ್ರಂದು ತೋರ್ಸು, ಕೊಂಚ ಬೆಳ್ಳಗೆ ಮಾಡಿ ಎಮ್ಮೆ ಮಾಡ್ತದೆ. ಬೆಳ್ಳಂದು ತೋರ್ಸು, ಕೊಂಚ ಕರ್ರಗೆ ಮಾಡಿ ಎಮ್ಮೆ ಮಾಡ್ತದೆ. ಎಮ್ಮೆನೇ ತೋರ್ಸಿದ್ರೆ ಮಾತ್ರ ಸರಿಯಾಗಿ ತೆಗೀತದೆ.”

ಹಾಗಾದರೆ ಬಿಳಿಯನ್ನು ಬಿಳಿಯಾಗಿ ಉಳಿಸುವುದು ಹೇಗೆ? ಕ್ಯಾಮೆರಾ ಕೇಳಿದ್ದಕ್ಕಿಂತ ಬೆಳಕು ಜಾಸ್ತಿ ಕೊಡಬೇಕು. ಎಷ್ಟು ಜಾಸ್ತಿ? ಅದನ್ನು ಮಾಮನ ಅಂಗೈ ಹೇಳುತ್ತದೆ. ಮಂಟಪದಲ್ಲಿ ಬೆಳಕಿಗೆ ತಮ್ಮ ಅಂಗೈ ಒಡ್ಡಿ, ಮೊದಲು ಅದರ ಫೋಟೋ ತೆಗೆದು, ಅಳತೆ ನೋಡಿಕೊಂಡು ಆಮೇಲೆ ಹೆಣ್ಣು ಗಂಡಿನ ಕಡೆ ತಿರುಗುತ್ತಾರೆ. ಒಮ್ಮೆ ಆಲ್ಬಮ್ ಮಾಡುವವನು ಕಣ್ತಪ್ಪಿನಿಂದ ಆ ಅಂಗೈಯನ್ನೇ ಮೊದಲ ಪುಟಕ್ಕೆ ದೊಡ್ಡದಾಗಿ ಹಾಕಿಬಿಟ್ಟ. ಹೆಣ್ಣಿನ ಕಡೆಯವರು ನೋಡಿ, ಯಾವುದೋ ದೊಡ್ಡವರ ಆಶೀರ್ವಾದದ ಕೈ ಎಂದು ಕಣ್ಣಿಗೊತ್ತಿಕೊಂಡರು. ಆಮೇಲಿನ ಮುಹೂರ್ತದವರು ಆಲ್ಬಮ್ ತಿರುವಿ ನೋಡಿ, “ನಮ್ಮ ಮದುವೆಗೆ ಕೈ ಇಲ್ಲವಾ?” ಎಂದು ಜಗಳಕ್ಕೇ ಬಂದರು.

ಮಾಮನ ಬಲಗೈ ಎಂದರೆ ಅತ್ತೆ, ಅಂದರೆ ಮಾಮನ ಹೆಂಡತಿ. ಮಾಮ ಫೋಟೋ ತೆಗೆಯುವಾಗ ಅತ್ತೆ ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ಹೆಣ್ಣಿನ ಮುಖಕ್ಕೆ ಬೆಳಕು ತಿರುಗಿಸುತ್ತಾ ನಿಲ್ಲುತ್ತಾರೆ. ಹಾಗೆ ಎಷ್ಟು ನೂರು ಹೆಣ್ಣುಗಳಿಗೆ ಬೆಳಕು ಕೊಟ್ಟಿದ್ದಾರೋ, ಅವರೊಬ್ಬರೇ ಯಾವ ಫೋಟೋದಲ್ಲೂ ಇಲ್ಲ. ಇರುವುದು ಒಂದೇ. ಇವರಿಬ್ಬರ ಮದುವೆಯಲ್ಲಿ ಇನ್ಯಾರೋ ತೆಗೆದ ಕಪ್ಪು ಬಿಳುಪಿನ ಫೋಟೋ, ಸ್ಟುಡಿಯೋದ ಗೋಡೆಯಲ್ಲಿ ತೂಗಿದೆ. ಬಂದವರಿಗೆಲ್ಲ ಅದನ್ನು ತೋರಿಸಿ ಮಾಮ ಒಂದೇ ಮಾತು ಹೇಳುತ್ತಾರೆ: “ನೋಡಿ, ಪಕ್ಕಾ ಎಮ್ಮೆ.” ಒಳಗಿನಿಂದ ಅತ್ತೆ ಕೇಳುತ್ತಾರೆ: “ಯಾರ್ನ ಹೇಳ್ತಿದೀರಿ?”

ಇನ್ನು ಹಿಮಕ್ಕೆ ಬರೋಣ. ಹನ್ನೆರಡು ವರ್ಷದ ಹಿಂದೆ ನನ್ನ ಮದುವೆಯಾದ ಹೊಸತರಲ್ಲಿ ನನ್ನ ಗಂಡ ನನ್ನನ್ನು ಹಿಮ ತೋರಿಸಲು ಮನಾಲಿಗೆ ಕರೆದುಕೊಂಡು ಹೋದರು. ಮದುವೆ ನಮ್ಮ ಕಡೆ ನಡೆದದ್ದರಿಂದ ಕೊರಳಲ್ಲಿ ನಮ್ಮ ಪದ್ಧತಿಯ ತಾಳಿ, ಅತ್ತೆಯೇ ಅರಿಸಿನ ಅರೆದು ಹಚ್ಚಿದ ಹಳದಿ ದಾರದ್ದು. ಆ ದಾರಕ್ಕೆ ನಾವು ‘ಕಯಿರು’ ಅನ್ನುತ್ತೇವೆ. ಹಿಮ ಕಂಡ ಸಂತೋಷಕ್ಕೆ ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ಆದರೆ ನನ್ನ ಗಂಡ ತೆಗೆದ ಫೋಟೋಗಳನ್ನು ಊರಿಗೆ ಬಂದು ನೋಡಿದರೆ, ಅಯ್ಯೋ ದೇವರೇ, ಅದು ಹಿಮವೋ ಸಿಮೆಂಟ್ ಗೋಡೌನೋ! ಹಿಮವೆಲ್ಲ ಬೂದಿ, ಅದರ ಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ, ನಡುವೆ ಚಳಿ ಹಿಡಿದ ಇಬ್ಬರು ಕಳ್ಳರು. ಇವರು “ಅವತ್ತು ಮೋಡ ಇತ್ತು” ಎಂದು ನುಣುಚಿಕೊಂಡರು.

ಫೋಟೋಗಳನ್ನೆಲ್ಲ ಮಾಮನಿಗೆ ಕಳಿಸಿದೆ. ಈಗ ನನ್ನ ಶೋಕಿ ಕೇಳಿ. ನಮ್ಮ ಮನೆಮಾತಿನಲ್ಲಿ ಹಿಮಕ್ಕೆ ತಮಿಳಿನ ಹಾಗೆ ‘ಪನಿ’ ಎನ್ನುತ್ತೇವೆ. ಮೈಸೂರಿನಲ್ಲಿ ಅದಕ್ಕೆ ‘ಮಂಜು’ ಅನ್ನುತ್ತಾರೆ ಎಂದು ಆಗಷ್ಟೇ ಕಲಿತಿದ್ದೆ. ಹೊಸ ಮಾತು ಬಾಯಲ್ಲಿ ಸುಮ್ಮನಿರುತ್ತದೆಯೇ? ಫೋನು ಮಾಡಿ, “ಮಾಮ, ಮಂಜು ಸರಿಯಾಗಿ ಬಂದಿಲ್ಲ. ಹೇಗಾದರೂ ಸರಿ ಮಾಡಿಕೊಡಿ” ಎಂದೆ.

“ಮಂಜ ತಾನೆ? ನಾನೂ ನೋಡ್ದೆ ಪಾಪಾ. ರೊಂಬ ಕೆಟ್ಟೋಗದೆ. ಸರಿ ಮಾಡ್ತೀನಿ ಬುಡು” ಎಂದರು ಮಾಮ.

ನಮ್ಮ ಮನೆಯಲ್ಲಿ ‘ಮಂಜ’ ಎಂದರೆ ಅರಿಸಿನ, ಹಳದಿ. ನಾನು ಹೇಳಿದ್ದು ಹಿಮ, ಅವರಿಗೆ ಕೇಳಿಸಿದ್ದು ಅರಿಸಿನ. ಇಬ್ಬರಿಗೂ ಅನುಮಾನ ಬರಲಿಲ್ಲ.

ನಾಲ್ಕು ದಿನಕ್ಕೆ ಫೋಟೋ ಬಂತು. ತೆರೆದು ನೋಡಿದೆ. ಅದೇ ಹಿಮ, ನಾನು ಕಣ್ಣಾರೆ ಕಂಡದ್ದು. ಬೂದಿ ಎಲ್ಲಿ ಹೋಯಿತೋ, ಬೆಟ್ಟವೆಲ್ಲ ಬೆಳ್ಳಗೆ ಬೆಳಗುತ್ತಿತ್ತು. ಆದರೆ ಸುಣ್ಣ ಬಳಿದ ಬಿಳಿಯಲ್ಲ, ಹಿಮದ ಕಾಳು ಕಾಳೂ ಎಣಿಸಬಹುದಾಗಿತ್ತು. ಪೈನ್ ಮರಗಳ ಬುಡದ ನೆರಳಲ್ಲಿ ಮಾತ್ರ ಒಂದಿಷ್ಟು ನೀಲಿ. ಹಿಮವನ್ನೇ ಕಾಣದ ಮನುಷ್ಯ, ಬಾಳೆತೋಟದ ಪಕ್ಕದ ಸ್ಟುಡಿಯೋದಲ್ಲಿ ಫ್ಯಾನಿನ ಕೆಳಗೆ ಕೂತು, ಇದನ್ನು ಹೇಗೆ ಮಾಡಿದರು? ತಕ್ಷಣ ಫೋನು ಮಾಡಿದೆ.

“ಮಂಜು ಎಷ್ಟು ಚೆನ್ನಾಗಿ ಬಂದಿದೆ ಮಾಮ!”

“ಬರ್ದೆ ಏನು? ನಿಮ್ಮತ್ತೆ ಅರೆದು ಹಚ್ಚಿದ ಮಂಜ, ಅದ್ರ ಬಣ್ಣ ನಂಗೆ ತಿಳೀದಾ? ನಿನ್ನ ಕೊರಳಲ್ಲಿ ಪಾಚಿ ಹಿಡ್ದಂಗೆ ಇತ್ತು ಕಯಿರು. ನಾನು ಅದೊಂದೇ ನೋಡ್ಕಂಡು ಕೂತೆ. ಕಯಿರು ಮಂಜ ಆಗಗಂಟ ತಿರುವ್ದೆ, ಬೆಳಕು ಕೊಟ್ಟೆ, ಆಮೇಲೆ ಬುಟ್ಟೆ.”

“ಮತ್ತೆ ಪನಿ?”

“ಪನಿನ ಯಾರು ನೋಡಿದ್ರು? ಕಯಿರು ಸರಿಯಾಯ್ತು, ಅದು ತಾನಾಗೇ ಸರಿಹೋಯ್ತು.”

ನನಗೆ ಆಗ ಹೊಳೆಯಿತು. ಹಿಮದ ನೀಲಿಗೂ ಅರಿಸಿನದ ಹಳದಿಗೂ ಎದುರು ಬದುರು ಪೈಪೋಟಿ. ಒಂದು ಏರಿದರೆ ಇನ್ನೊಂದು ಸಾಯುತ್ತದೆ. ದಾರ ತನ್ನ ಬಣ್ಣಕ್ಕೆ ಬಂದ ಗಳಿಗೆಯಲ್ಲಿ ಹಿಮವೂ ತನ್ನ ಬಣ್ಣಕ್ಕೆ ಬಂದಿತ್ತು. ಆದರೂ ಬಿಡಲಿಲ್ಲ, “ನೆರಳಲ್ಲಿ ಇನ್ನೂ ನೀಲಿ ಉಳಿದಿದೆಯಲ್ಲ ಮಾಮ?” ಎಂದೆ.

“ಅದು ಇರ್ಬೇಕು. ಅದು ವಾನದ್ದು” ಎಂದರು. ವಾನ ಎಂದರೆ ಬಾನು. “ತಾರಸಿ ಮೇಲೆ ಒಣಗ್ತಾ ಇರೋ ವೇಷ್ಟಿ ಮಡಿಕೆಲಿ ನೋಡು, ಅಲ್ಲೂ ಅಂಗೇ ಇರ್ತದೆ. ಕಯಿರು ನಮ್ದು, ಸರಿ ಮಾಡ್ದೆ. ವಾನದ್ನ ನಾನ್ಯಾಕೆ ತೆಗೀಲಿ?”

ದಿನಾ ನಮ್ಮ ಕಣ್ಣೆದುರಿಗೇ ವೇಷ್ಟಿ ಒಣಗುತ್ತದೆ. ಅದರ ಮಡಿಕೆಯಲ್ಲಿ ಆಕಾಶವಿದೆ ಎಂದು ಯಾರಾದರೂ ನೋಡಿದ್ದೇವೆಯೇ?

ಅಲ್ಲಿಂದ ಮಾಮ ಹಿಮದ ಪಂಡಿತರಾದರು. ಹೊಸ ಮದುವೆಯವರು ಹೊರಟರೆ, “ಕಯಿರು ಕೋಟಿನ ಹೊರಗೆ ಕಾಣಂಗೆ ಹಾಕ್ಕೊಮ್ಮಾ” ಎಂಬ ಉಪದೇಶ. ಮದುವೆಯಾಗದವರಿಗೆ ಒಂದು ಅರಿಸಿನದ ಕೊಂಬು. ನಮ್ಮ ಬೀದಿಯ ಒಬ್ಬ ಸೈನಿಕ ಉತ್ತರದ ಹಿಮದಲ್ಲಿ ಕೆಲಸದಲ್ಲಿದ್ದ. ಅವನೂ ಮಾಮನ ಮಾತಿನಂತೆ ಅರಿಸಿನದ ಕೊಂಬು ಹಿಡಿದು ಫೋಟೋ ತೆಗೆಸಿಕೊಂಡ. ಅವನ ಮೇಲಧಿಕಾರಿ ಅದು ಯಾವ ದೇವರ ಪೂಜೆ ಎಂದು ಕೇಳಿದರಂತೆ. ವಿವರಿಸುವಷ್ಟು ಹಿಂದಿ ಬಾರದೆ ಅವನು “ಫೋಟೋ ದೇವರು ಸಾರ್” ಎಂದನಂತೆ. ಮುಂದಿನ ವಾರ ಆ ಅಧಿಕಾರಿಯೂ ಕೊಂಬು ಹಿಡಿದು ನಿಂತ ಫೋಟೋ ಬಂತು.

ಬಣ್ಣವಾಯಿತು, ಬೆಳಕಿನ ಲೆಕ್ಕ? ವೇಷ್ಟಿಗೆ ಅಂಗೈ ಸಾಕು, ನೋಡಿದಷ್ಟು ದೂರ ಬಿಳಿಯೇ ಇದ್ದರೆ ಎಷ್ಟು ಕೊಡಬೇಕು? ಇದನ್ನು ಕಂಡುಹಿಡಿಯಲು ಮಾಮ ವೇದಸಂದೂರಿಗೆ ಹೋದರು. ಅಲ್ಲಿ ಅತ್ತೆಯ ಅಣ್ಣ ನೂಲಿನ ಗಿರಣಿಯಲ್ಲಿ ಮೇಸ್ತ್ರಿ. ಹತ್ತಿಯ ಗೋಡೌನಿನಲ್ಲಿ ರಾಶಿ ರಾಶಿ ಬಿಳಿ ಹತ್ತಿಯನ್ನು ಬೆಟ್ಟದ ಹಾಗೆ ಹರಡಿಸಿ, ಆ ಪುಣ್ಯಾತ್ಮನಿಗೆ ಚಿತ್ರೈ ತಿಂಗಳ ಬೇಸಿಗೆಯ ಸೆಕೆಯಲ್ಲಿ ಸ್ವೆಟರು, ಮಂಕಿ ಕ್ಯಾಪು ಹಾಕಿಸಿ ನಡುವೆ ನಿಲ್ಲಿಸಿದರು. “ಕೊಂಚ ನಡುಗು ಮಚ್ಚಾನ್” ಎಂದು ಬೇರೆ ಹೇಳಿದರು. ಮಚ್ಚಾನ್, ಅಂದರೆ ಭಾವ, ಬೆವರು ಸುರಿಸುತ್ತಾ ನಡುಗಿದರು. ವಾಪಸು ಬರುವಾಗ ಮಾಮನ ತಲೆ, ಮೀಸೆ, ಹುಬ್ಬಿನ ತುಂಬ ಹತ್ತಿ. ದಿಂಡಿಗಲ್ಲಿನಲ್ಲಿ ತೇನಿ ಬಸ್ಸು ಹತ್ತಿದಾಗ ಕಂಡಕ್ಟರು ಎಲ್ಲಿಂದ ಬಂದಿರಿ ಎಂದು ಕೇಳಿದರೆ, ಮಾಮ ಗಂಭೀರವಾಗಿ “ಪನಿಗೆ ಹೋಗಿದ್ದೆ” ಎಂದರಂತೆ. ಅಂತೂ ಉತ್ತರ ಸಿಕ್ಕಿತು. ಕ್ಯಾಮೆರಾ ಕೇಳಿದ್ದಕ್ಕಿಂತ ಒಂದೂವರೆ ಪಾಲು ಜಾಸ್ತಿ. ಆಮೇಲೆ ಅದು ಅವರ ಮಂತ್ರವೇ ಆಯಿತು. ಮೊಸರನ್ನ ಬಡಿಸುವಾಗಲೂ “ಒಂದೂವರೆ ಜಾಸ್ತಿ” ಎನ್ನುವರು.

ಹೀಗಿದ್ದ ಮಾಮನಿಗೆ ಎರಡು ವರ್ಷದ ಹಿಂದೆ ಏನೋ ಆಯಿತು. ಮೊದಲು ಹಾಲಿನವನ ಮೇಲೆ ತಿರುಗಿಬಿದ್ದರು. ಹಾಲಿಗೆ ಮಂಜ ಬೆರೆಸಿದ್ದೀಯ ಎಂದು ಆರೋಪ. “ನೀರು ಅಂದ್ರೆ ಒಪ್ಕತೀನಿ ಅಣ್ಣಾ, ಮಂಜ ಬೆರೆಸಿ ನಂಗೆ ಏನು ಬರ್ತದೆ?” ಎಂದು ಅವನು ಅಲವತ್ತುಕೊಂಡ. ಆಮೇಲೆ ವೇಷ್ಟಿಯ ಸರದಿ. ಒಗೆದ ವೇಷ್ಟಿ ಹಳದಿಯಾಗಿದೆ ಎಂದು ದಿನಾ ಅತ್ತೆಯ ಮೇಲೆ ಸಿಡಿಮಿಡಿ. ಅತ್ತೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ತೊಟ್ಟು ಹಾಕಿದರು, ಸಾಲದು. ಮೂರು ತೊಟ್ಟು, ಸಾಲದು. ಕೊನೆಗೆ ಅರ್ಧ ಬಾಟಲಿ ಸುರಿದ ದಿನ ಮಾಮ, “ಇವತ್ತು ನೋಡು, ಬೆಳ್ಳಗೆ ಅಂದ್ರೆ ಇದು” ಎಂದು ಖುಷಿಯಾಗಿ ಉಟ್ಟು ಹೊರಟರು. ಆಕಾಶ ನೀಲಿ ವೇಷ್ಟಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ನಡೆದ ಅವರನ್ನು ಯಾರೋ, ಯಾವ ಹೊಸ ಪಾರ್ಟಿ ಸೇರಿದಿರಿ ಎಂದು ಕೇಳಿದರು.

ನಾವೆಲ್ಲ ನಕ್ಕೆವು. ನಗಬಾರದಿತ್ತು. ಯಾಕೆಂದರೆ ಆಮೇಲೆ ಆಲ್ಬಮ್‌ಗಳೂ ನೀಲಿಯಾಗತೊಡಗಿದವು. ಒಬ್ಬ ತಾಯಿ ಆಲ್ಬಮ್ ತಂದು ಮೇಜಿನ ಮೇಲಿಟ್ಟು, “ನನ್ನ ಮಗಳು ಮಣೆ ಮೇಲೆ ಕೂತಿದ್ಲಾ, ಇಲ್ಲ ವೈಗೈ ಅಣೇಲಿ ಮುಳುಗಿ ಎದ್ಲಾ?” ಎಂದು ಕೇಳಿದರು. ಮಾಮ ಕಂಪ್ಯೂಟರಿನ ಪರದೆಯನ್ನು ಬೈದರು, ಪ್ರಿಂಟ್ ಹಾಕುವವನನ್ನು ಬೈದರು. ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ತೇನಿಯ ಬೇರೆ ಸ್ಟುಡಿಯೋಗಳಿಗೆ ಹೋದವು. ಥರ್ಮೋಕೋಲ್ ಹಲಗೆ ಮೂಲೆ ಸೇರಿತು.

ಆ ಸಲ ಊರಿಗೆ ಹೋದಾಗ ಅವರ ಕಣ್ಣಗುಡ್ಡೆಯ ನಡುವೆ ಮಸುಕು ಕಂಡು ನನಗೆ ಗೊತ್ತಾಯಿತು. ಕಣ್ಣಿನಲ್ಲಿ ಪೊರೆ ಬೆಳೆದಿದೆ. ಅದರ ಮೂಲಕ ಲೋಕವೆಲ್ಲ ಹಳದಿಯಾಗಿ ಕಾಣುತ್ತಿದೆ, ಅದನ್ನು ಸರಿ ಮಾಡಲು ಹೋಗಿ ನೀಲಿ ಸುರಿಯುತ್ತಿದ್ದಾರೆ. ಬಸ್ಸಿಗೆ ಹೊತ್ತಾಗಿತ್ತು. ಹೊರಡುವ ಅವಸರದಲ್ಲಿ, “ಮಾಮ, ನಿಮ್ಮ ಕಣ್ಣು ಮಂಜಾಗಿದೆ. ತಡ ಮಾಡದೆ ತೋರಿಸಿ” ಎಂದು ಹೇಳಿ ಹತ್ತಿದೆ. ನೋಡಿ ನನ್ನ ಬುದ್ಧಿ! ಹತ್ತು ವರ್ಷದ ಹಿಂದಿನ ಪಾಠ ಮರೆತೇಹೋಗಿತ್ತು.

ಹತ್ತು ದಿನ ಬಿಟ್ಟು ಫೋನು ಮಾಡಿ ಅತ್ತೆಯನ್ನು ಕೇಳಿದೆ. “ನೀ ಹೇಳ್ದಂಗೇ ಮದ್ದು ಕೊಡ್ತಿದೀನಿ ತಾಯಿ. ದಿನಾ ನೆಲನೆಲ್ಲಿ ಅರೆದು ಮಜ್ಜಿಗೇಲಿ. ಉಪ್ಪಿಲ್ಲ, ಎಣ್ಣೆ ಇಲ್ಲ. ಪಾಪ, ಸೊರಗಿ ಹೋಗವ್ರೆ” ಎಂದರು. ಕಣ್ಣು ಮಂಜ ಆಗಿದೆ ಎಂದರೆ ನಮ್ಮ ಊರಿನಲ್ಲಿ ಒಂದೇ ಅರ್ಥ, ಕಾಮಾಲೆ! ನಾನು ತಲೆ ಚಚ್ಚಿಕೊಂಡೆ.

ಪೊರೆ ಎಂದು ಬಿಡಿಸಿ ಹೇಳಿದೆ. ಆಪರೇಷನ್ ಎಂದ ಕೂಡಲೇ ಮಾಮ ಬೇಡವೇ ಬೇಡ ಎಂದರು. ಅವರನ್ನು ಒಪ್ಪಿಸಲೆಂದೇ ಮತ್ತೆ ಊರಿಗೆ ಹೋದೆ. ಸ್ಟುಡಿಯೋದಲ್ಲಿ ಒಬ್ಬರೇ ಕೂತಿದ್ದರು.

“ನಲವತ್ತು ವರ್ಷ ಈ ಕಣ್ಣು ಹೇಳ್ದಂಗೆ ಬಣ್ಣ ಇಟ್ಟಿದೀನಿ ಪಾಪಾ. ಇದ್ನ ತೆಗೆದು ಬೇರೆ ಕಣ್ಣಾಡಿ ಬಿಲ್ಲೆ ಇಟ್ರೆ ಅದು ಯಾರ ಕಣ್ಣು? ಅದ್ಕೆ ಮಂಜ ಯಾವ್ದು, ಬೆಳ್ಳಗೆ ಯಾವ್ದು ಅಂತ ತಿಳೀತದಾ? ತಿಳೀದೆ ಹೋದ್ರೆ ನಾನು ಏನು ಮಾಡ್ಲಿ? ನಂಗೆ ಬೇರೆ ಕೆಲ್ಸ ಬರ್ದು.”

ಅವರ ಭಯ ನೋವಿನದಲ್ಲ, ಕುರುಡಿನದೂ ಅಲ್ಲ. ಬಣ್ಣದ ನೆನಪು ಹೋದರೆ ತಾನು ಏನೂ ಅಲ್ಲ ಎಂಬ ಭಯ. ಕೊನೆಗೆ ನನ್ನ ಮನಾಲಿಯ ಫೋಟೋವನ್ನು, ಬೂದಿಯೂ ನೀಲಿಯೂ ಆಗಿದ್ದ ಮೂಲ ಫೋಟೋವನ್ನೇ, ಪರದೆಯ ಮೇಲೆ ತೆರೆದು, “ಇದನ್ನು ಇನ್ನೊಂದು ಸಲ ಸರಿ ಮಾಡಿ” ಎಂದೆ. ಮಾಮ ಉತ್ಸಾಹದಿಂದ ಕೂತರು. ದಾರವೊಂದನ್ನೇ ನೋಡುತ್ತಾ ತಿರುವಿದರು, ತಿರುವಿದರು. “ಹ್ಞಾ, ಈಗ ಮಂಜ” ಎಂದು ಕೈಬಿಟ್ಟರು. ಪರದೆಯಲ್ಲಿ ನಾನು ಹಸಿರು ದಾರ ಕಟ್ಟಿಕೊಂಡು ನೀಲಿ ಬೆಟ್ಟದ ಮುಂದೆ ನಿಂತಿದ್ದೆ.

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದರು. ಅವರು ಆಗತಾನೇ ತಮ್ಮ ತಾಳಿಯ ದಾರಕ್ಕೆ ಹೊಸದಾಗಿ ಅರಿಸಿನ ಹಚ್ಚಿಕೊಂಡಿದ್ದರು. ಬಗ್ಗಿ, ಕೊರಳಿನ ದಾರವನ್ನು ಎರಡು ಬೆರಳಲ್ಲಿ ಎತ್ತಿ ಪರದೆಯ ಮೇಲಿನ ದಾರದ ಪಕ್ಕಕ್ಕೇ ಹಿಡಿದರು.

ಮಾಮ ಅದನ್ನು ನೋಡಿದರು, ಇದನ್ನು ನೋಡಿದರು. ಎರಡನ್ನೂ ಅದೇ ಕಣ್ಣಲ್ಲಿ ನೋಡಿದರೂ ಎರಡೂ ಒಂದಲ್ಲ ಎಂದು ಅವರಿಗೇ ಕಂಡಿತು. ಬೀದಿಯಲ್ಲಿ ಎರಡು ಟೌನ್ ಬಸ್ಸು ಬಂದು ಹೋದವು.

“ಇಷ್ಟು ದಿವ್ಸ ಇಂಗೇ ಕೊಟ್ನಾ?” ಎಂದು ಮೆಲ್ಲಗೆ ಕೇಳಿದರು. ಆಮೇಲೆ, “ಆಸ್ಪತ್ರೆಗೆ ಯಾವತ್ತು ಹೋಗಣ?” ಎಂದರು.

ತೇನಿಯ ಕಣ್ಣಾಸ್ಪತ್ರೆಯಲ್ಲಿ ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಕಟ್ಟು ಬಿಚ್ಚುವಾಗ ಅತ್ತೆ, ನಾನು ಪಕ್ಕದಲ್ಲಿದ್ದೆವು. ಕಣ್ಣು ಬಿಟ್ಟವರು ಮೊದಲು ನೋಡಿದ್ದು ತಮ್ಮ ಅಂಗೈಯನ್ನು. ಆಮೇಲೆ ಗೋಡೆ, ಹಾಸಿಗೆ, ಡಾಕ್ಟರಮ್ಮನ ಕೋಟು. “ಬೆಳ್ಳಗದೆ” ಎಂದರು. ಕಣ್ಣು ಕೆಳಗಿಳಿದು ಉಟ್ಟ ವೇಷ್ಟಿಯ ಮೇಲೆ ನಿಂತಿತು. “ಇದ್ಯಾಕೆ ಇಷ್ಟು ನೀಲಿ?” ಎಂದರು. “ನೀವು ಕೇಳಿದ್ದೇ” ಎಂದರು ಅತ್ತೆ.

ನನ್ನ ಫೋನಿನಲ್ಲಿ ಅವರು ಹಿಂದೆ ಸರಿ ಮಾಡಿದ್ದ ಹಿಮದ ಫೋಟೋ ತೋರಿಸಿದೆ. ಹತ್ತಿರ ಹಿಡಿದು ನೋಡಿದರು. ಪೈನ್ ಮರದ ಬುಡಕ್ಕೆ ಬೆರಳಿಟ್ಟು, “ವಾನ ಇನ್ನೂ ಅಲ್ಲೇ ಅದೆ ಪಾಪಾ” ಎಂದರು. ಬಣ್ಣದ ನೆನಪು ಎಲ್ಲೂ ಹೋಗಿರಲಿಲ್ಲ. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ತಿರುಗಿ ನೋಡಿದರೆ ಮಾಮ ಮಕ್ಕಳ ಹಾಗೆ ಒಂದು ಸಲ ಎಡಗಣ್ಣು ಮುಚ್ಚುವುದು, ಒಂದು ಸಲ ಬಲಗಣ್ಣು ಮುಚ್ಚುವುದು. “ಈ ಕಣ್ಣಿಗೆ ಪನಿ, ಈ ಕಣ್ಣಿಗೆ ಮಂಜ” ಎಂದು ನಗುತ್ತಿದ್ದರು. ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಬನ್ನಿ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದಾಗ ಮಾಮನ ನಗು ನಿಂತಿತು. ಹೊಸ ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಹಳೆಯ ಕಣ್ಣಲ್ಲೇ ಅತ್ತೆಯನ್ನು ನೋಡತೊಡಗಿದರು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

“ಇದು ಇರ್ಲಿ, ಬುಟ್ಬುಡಿ” ಎಂದರು, ಡಾಕ್ಟರಮ್ಮನಿಗೆ ಗೊತ್ತಿಲ್ಲದ ನಮ್ಮ ಮನೆಯ ಕನ್ನಡದಲ್ಲಿ. “ಮದ್ವೆ ದಿವ್ಸ ಇವಳಿಗೆ ಮಂಜ ಹಚ್ಚಿ, ನೀರು ಹುಯ್ದು ಕರ್ಕಂಬಂದ್ರು. ಹೊಳೀತಿದ್ಲು. ಫೋಟೋಕಾರ ಕಪ್ಪು ಬಿಳಿಲಿ ತೆಗ್ದ. ಆ ಮಂಜ ಯಾವ ಫೋಟೋದಲ್ಲೂ ಇಲ್ಲ. ಈ ಕಣ್ಣಲ್ಲಿ ನೋಡಿದ್ರೆ ಇವಳು ಇನ್ನೂ ಅಂಗೇ ಅವಳೆ.”

ಡಾಕ್ಟರಮ್ಮ ಏನಂತೆ ಎಂದು ನನ್ನ ಮುಖ ನೋಡಿದರು.

ಅತ್ತೆಯೇ ಮುಂದೆ ಬಂದು, ಮುಂದಿನ ತಿಂಗಳು ತಪ್ಪದೆ ಬರುತ್ತೇವೆ ಎಂದು ತಮಿಳಿನಲ್ಲಿ ಹೇಳಿದರು. ಸೆರಗಿನಿಂದ ಮೂಗು ಒರೆಸಿಕೊಂಡು ಮಾಮನ ಕಡೆ ತಿರುಗಿದರು.

“ಆ ಕಣ್ಣೂ ಮಾಡ್ಸ್ಕಳಿ. ಮನೆಗೆ ಹೋದ್ಮೇಲೆ ನಾನೇ ಮಂಜ ಹಚ್ಕಂಡು ಬಂದು ಕೂರ್ತೀನಿ. ಈ ಸಲ ನೀವೇ ತೆಗೀರಿ.”

ಮಾಮ ಮುಖದಿಂದ ಕೈ ಇಳಿಸಿದರು. ಕಿಟಕಿಯಿಂದ ಬೆಳಗಿನ ಬಿಸಿಲು ಅತ್ತೆಯ ಕೆನ್ನೆಯ ಮೇಲೆ, ನೆರೆತ ತಲೆಯ ಮೇಲೆ ಬಿದ್ದಿತ್ತು. ಮಾಮ ಕೈ ಚಾಚಿ ಆ ಬಿಸಿಲಿಗೆ, ಅತ್ತೆಯ ಮುಖದ ಪಕ್ಕದಲ್ಲಿ, ತಮ್ಮ ಅಂಗೈ ಒಡ್ಡಿದರು.